ಶಿಕ್ಷೆ ಮುಗಿದರೂ ಬಿಡದ ಜೈಲು: ಜಿನೀವಾಕ್ಕೆ ಬರೆದ ನನ್ನ ಅನುಭವ

"ಹೊಳೆಯಲ್ಲಿ ಹುಣಸೆಹಣ್ಣು ತೊಳೆಯುವ ಕೆಲಸ ಮಾರಾಯ" ಅಂತ ಮಂಗಳೂರಿನ ಹಿರಿಯ ವಕೀಲರೊಬ್ಬರು ಎಲ್ಲರೆದುರು ನಕ್ಕಿದ್ದರು, ಗಲ್ಫ್ ಜೈಲಿನಲ್ಲಿದ್ದ ಹುಡುಗನೊಬ್ಬನಿಗಾಗಿ ಜಿನೀವಾದ ವಿಶ್ವಸಂಸ್ಥೆಗೆ ಅರ್ಜಿ ಬರೆಯುತ್ತೇನೆ ಅಂದಾಗ. ಹುಡುಗ ಊರಿಗೆ ಬಂದ ಮೇಲೆ ಅವರೇ ಅರ್ಜಿಯ ಪ್ರತಿ ಕೇಳಿದ್ದಾರೆ. ಹಾಗಾಗಿ ಬರೆಯುತ್ತಿದ್ದೇನೆ.

ಹುಡುಗ ಬಂಟ್ವಾಳ ಕಡೆಯ ಡ್ರೈವರ್. ಗಲ್ಫ್‌ನ ಒಂದು ದೇಶದಲ್ಲಿ ಶಿಕ್ಷೆ ಮುಗಿದು ವರ್ಷವಾಗುತ್ತ ಬಂದರೂ ಬಿಟ್ಟಿರಲಿಲ್ಲ. ಕಂಪನಿಗೆ ಹಣ ಬಾಕಿ ಎಂಬುದು ಬಾಯಿಮಾತು; ಕಾಗದದಲ್ಲಿ ಏನೂ ಇಲ್ಲ.

ವಿಶ್ವಸಂಸ್ಥೆ ಅಂದರೆ ನಮ್ಮವರು ಮೊದಲು ನೋಡುವುದು ಮಾನವ ಹಕ್ಕುಗಳ ಸಮಿತಿಯ ಕಡೆಗೆ. ಅಲ್ಲಿ ವ್ಯಕ್ತಿಗಳ ದೂರು ಕೇಳಲು ಸಮಿತಿಗೆ ಅಧಿಕಾರ ಕೊಡುವ ಐಚ್ಛಿಕ ಪ್ರೋಟೊಕಾಲ್ ಎಂಬ ಒಪ್ಪಂದವನ್ನು ಆ ದೇಶ ಒಪ್ಪಿರಬೇಕು (ಭಾರತವೂ ಒಪ್ಪಿಲ್ಲ), ಸ್ಥಳೀಯ ಕೋರ್ಟುಗಳನ್ನೆಲ್ಲ ಹತ್ತಿ ಇಳಿದಿರಬೇಕು. ಕಾನೂನು ಮೀರಿ ಕೂಡಿಹಾಕಿದವರ ದೂರು ನೋಡುವ, ವಿಶ್ವಸಂಸ್ಥೆಯದೇ ಆದ ನಿರಂಕುಶ ಬಂಧನದ ವರ್ಕಿಂಗ್ ಗ್ರೂಪಿಗೆ ಇವೆರಡೂ ಬೇಡ. 1991ರಿಂದ ಇದೆ, ಐವರು ತಜ್ಞರು, ಶುಲ್ಕವಿಲ್ಲ. ಶಿಕ್ಷೆ ಮುಗಿದ ಮೇಲೂ ಇಟ್ಟುಕೊಳ್ಳುವುದು ನಿರಂಕುಶ ಬಂಧನದ ಅವರ ಐದು ವರ್ಗಗಳಲ್ಲಿ ಮೊದಲನೆಯದಕ್ಕೇ, ಅಂದರೆ ಕಾನೂನಿನ ಆಧಾರವೇ ಇಲ್ಲದ ಬಂಧನಕ್ಕೆ, ಬರುತ್ತದೆ. ಇಂಥ ನೇರ ಕೇಸನ್ನು ನನಗಿಂತ ಮೊದಲು ಹಿಡಿದವರು ನಲವತ್ತು ಪುಟದ ರಿಟ್ ಅರ್ಜಿ ಮಾಡಿ ಎಲ್ಲೆಲ್ಲಿಗೋ ಕಳಿಸಿ ಕೂತಿದ್ದರು. ನಾನು ವರ್ಕಿಂಗ್ ಗ್ರೂಪಿನ ಪ್ರಶ್ನಾವಳಿಯ ಕ್ರಮದಲ್ಲೇ ಆರೇಳು ಪುಟಕ್ಕೆ ಮುಗಿಸಿದೆ. 'ವಿನಮ್ರ ಪ್ರಾರ್ಥನೆ'ಗಳನ್ನೆಲ್ಲ ಕಿತ್ತು, ಬರೀ ತಾರೀಖು.

ದುಡ್ಡು ತಿಂದದ್ದು ಅನುವಾದ. ಅರಬ್ಬಿ ತೀರ್ಪಿಗೆ ಒಬ್ಬರು ಹದಿನೆಂಟು ಸಾವಿರದ ಹತ್ತಿರ ತೆಗೆದುಕೊಂಡು ಹಿಜರಿ (ಇಸ್ಲಾಮಿ ಚಾಂದ್ರಮಾನ) ತಾರೀಖುಗಳನ್ನು ಹಾಗೇ ಬಿಟ್ಟಿದ್ದರು. ಹಿಜರಿ ವರ್ಷ ನಮ್ಮ ಕ್ಯಾಲೆಂಡರಿಗಿಂತ ಸುಮಾರು 11 ದಿನ ಚಿಕ್ಕದು. ಮೂರು ವರ್ಷದ ಶಿಕ್ಷೆಯಲ್ಲಿ ತಿಂಗಳ ವ್ಯತ್ಯಾಸ. ಶಿಕ್ಷೆ ಎಂದು ಮುಗಿಯಿತು ಎಂಬುದೇ ಇಲ್ಲಿ ಇಡೀ ಕೇಸು! ಉಳ್ಳಾಲದ ಉಸ್ತಾದರೊಬ್ಬರು ಎರಡು ಕಾಲಂ ಎಳೆದು, ಪ್ರತಿ ತಾರೀಖಿನ ಪಕ್ಕ ಇಂಗ್ಲಿಷ್ ತಾರೀಖು ಬರೆದುಕೊಟ್ಟರು. ಒಂದು ಚಹಾ ಬಿಟ್ಟರೆ ಏನೂ ಮುಟ್ಟಲಿಲ್ಲ. ಎಲ್ಲ ಸೇರಿ ಮೂವತ್ತೈದು–ನಲವತ್ತು ಸಾವಿರ ಆಗಿರಬಹುದು.

ಆ ದೇಶದಲ್ಲೇ ದುಡಿಯುವ, ಹುಡುಗನ ಅಣ್ಣನಿಗೆ ಭಯ. "ವಕೀಲರೇ, ನನ್ನ ಹೆಸರು ಹೋದರೆ ವೀಸಾದ ಗತಿ?" ದೂರು ಕೊಟ್ಟವರು ಯಾರೆಂದು ಸರ್ಕಾರಕ್ಕೆ ಹೇಳುವುದಿಲ್ಲ, ಬಂಧಿತನ ಹೆಸರು ಮಾತ್ರ ಹೋಗುತ್ತದೆ ಅಂದ ಮೇಲೆ ಒಪ್ಪಿದ. ಹುಡುಗನ ಒಪ್ಪಿಗೆಯನ್ನು ಒಳಗಿಂದ ಹೇಗೆ ತರಿಸಿದೆ ಎಂಬುದನ್ನು ಮಾತ್ರ ಕೇಳಬೇಡಿ. ಆ ದಾರಿ ಇನ್ನೂ ಕೆಲವರಿಗೆ ಬೇಕು. ನೋಡೋಣ ಅಂತ ವಿಶ್ವಸಂಸ್ಥೆಯ ಒಬ್ಬ ವಿಶೇಷ ವರದಿಗಾರರಿಗೂ (ಪತ್ರಕರ್ತರಲ್ಲ, ಮಾನವ ಹಕ್ಕುಗಳ ತಜ್ಞರು) ಪ್ರತಿ ಹಾಕಿದ್ದೆ. ಸ್ವೀಕೃತಿ ಬಂತು, ಅಷ್ಟೇ.

ಉತ್ತರ ಕೊಡಲು ಆ ದೇಶದ ಸರ್ಕಾರಕ್ಕೆ 60 ದಿನದ ಗಡುವು, ಕೇಳಿದರೆ ಇನ್ನೊಂದು ತಿಂಗಳು. ಉತ್ತರ ಬಂತು: ಕರಾರಿನ ಬಾಕಿ ಇದೆ. ಬಾಯಿಮಾತನ್ನು ಅವರೇ ಬರೆದುಕೊಟ್ಟರು! ಅರಬ್ ಮಾನವ ಹಕ್ಕುಗಳ ಸನ್ನದಿನ 18ನೇ ವಿಧಿ ತೆಗೆದು ನೋಡಿ: ಕರಾರಿನ ಸಾಲ ತೀರಿಸಲಾಗದವನೆಂದು ಕೋರ್ಟಿನಲ್ಲಿ ಸಾಬೀತಾದವನನ್ನು ಜೈಲಿಗೆ ಹಾಕುವಂತಿಲ್ಲ. ಹುಡುಗನ ಕೈಯಲ್ಲಿ ದಮ್ಮಡಿ ಇಲ್ಲವೆಂದು ತೀರ್ಪಿನಲ್ಲೇ ಬರೆದಿತ್ತು. ಅವರದೇ ಸನ್ನದು, ಅವರದೇ ತೀರ್ಪು. ನನ್ನ ಪ್ರತ್ಯುತ್ತರ ಒಂದೂವರೆ ಪುಟ.

ಬಂಧನ ನಿರಂಕುಶ, ಬಿಡಿ, ಪರಿಹಾರ ಕೊಡಿ ಅಂತ ವರ್ಕಿಂಗ್ ಗ್ರೂಪಿನ ಅಭಿಪ್ರಾಯ ಬಂತು. ಅದಕ್ಕೆ ಕೋರ್ಟಿನ ಆದೇಶದ ಬಲವಿಲ್ಲ. ಆದರೂ ಮುಂದಿನ ರಂಜಾನಿನ ಕ್ಷಮಾದಾನದ ಪಟ್ಟಿಯಲ್ಲಿ ಹೆಸರಿತ್ತು. ಆರು ತಿಂಗಳೊಳಗೆ ಏನಾಯಿತೆಂದು ತಿಳಿಸಲು ವರ್ಕಿಂಗ್ ಗ್ರೂಪ್ ಕೇಳುತ್ತದೆ. ಬರೆದಿದ್ದೇನೆ: ಹುಡುಗ ಬಂದ, ಹಣ ಬಂದಿಲ್ಲ.