ಸೋಷಿಯಲ್ ಮೀಡಿಯಾ, ಪಿಆರ್ ಕಲಿಯಲು ಯಾವ ಪುಸ್ತಕ ಮೊದಲು ಓದಬೇಕು?

“ನೀವು ಹೇಗೂ ಫೋನ್ ಚೆನ್ನಾಗಿ ಬಳಸ್ತೀರಲ್ಲ, ನಮ್ಮ ಪೇಜ್ ಕೂಡ ನೀವೇ ನೋಡ್ಕೊಳ್ಳಿ.”

ನಮ್ಮ ಕಡೆ ಬಹಳ ಜನ ಪಿಆರ್ ಕೆಲಸಕ್ಕೆ, ಅಂದರೆ ಸಂಸ್ಥೆಯ ಪರವಾಗಿ ಜನರ ಜೊತೆ ಸಂಪರ್ಕ ಇಟ್ಟುಕೊಳ್ಳುವ ಕೆಲಸಕ್ಕೆ, ಬರುವುದು ಹೀಗೆಯೇ. ಸಹಕಾರ ಸಂಘದ ಗುಮಾಸ್ತರು, ಶಾಲೆಯ ಕನ್ನಡ ಟೀಚರು, ಹೋಮ್‌ಸ್ಟೇ ಮಾಲೀಕರ ಮಗಳು, ನಾಟಕ ತಂಡದಲ್ಲಿ ಲೈಟ್ ನೋಡಿಕೊಳ್ಳುವ ಹುಡುಗ. ಯಾರಿಗೂ ತರಬೇತಿ ಇರುವುದಿಲ್ಲ. ನಾನೂ ಹಾಗೇ ಬಂದದ್ದು. ಕೆಲಸ ಮಾಡುತ್ತಲೇ ಪುಸ್ತಕ ಹುಡುಕಿಕೊಂಡೆ. ಕೆಲವಕ್ಕೆ ಕೊಟ್ಟ ದುಡ್ಡು ದಂಡವಾಯಿತು. ಕೆಲವನ್ನು ಇವತ್ತಿಗೂ ವರ್ಷಕ್ಕೊಮ್ಮೆ ತೆಗೆದು ಓದುತ್ತೇನೆ. ಯಾವ ಬಟನ್ ಒತ್ತಬೇಕು ಅಂತ ಹೇಳುವ ಪುಸ್ತಕ ಬೇಗ ಹಳತಾಗುತ್ತದೆ. ಮನುಷ್ಯರು ಹೇಗೆ ನಂಬುತ್ತಾರೆ, ಹೇಗೆ ಸಿಟ್ಟಾಗುತ್ತಾರೆ ಅಂತ ಹೇಳುವ ಪುಸ್ತಕ ನೂರು ವರ್ಷವಾದರೂ ಕೆಲಸಕ್ಕೆ ಬರುತ್ತದೆ. ಅದಕ್ಕೇ ಇಲ್ಲಿ ಹಳೆಯದರಿಂದ ಹೊಸದರ ಕಡೆಗೆ ಹೋಗಿದ್ದೇನೆ. ದಿನಕ್ಕೆ ಅರ್ಧ ಗಂಟೆ ಕೊಟ್ಟರೆ ಆರೇಳು ತಿಂಗಳಲ್ಲಿ ಮುಗಿಯುತ್ತದೆ.

1. ನಿಮ್ಮ ತೊಂದರೆಯನ್ನು ಒಂದು ವಾಕ್ಯದಲ್ಲಿ ಬರೆಯಿರಿ

ಪುಸ್ತಕ ಕೊಳ್ಳುವ ಮುಂಚೆ ಒಂದು ಹಾಳೆ ತೆಗೆದುಕೊಳ್ಳಿ. “ನಮ್ಮ ವಿಷಯ ಯಾರಿಗೂ ಗೊತ್ತಿಲ್ಲ” ಅನ್ನುವುದು ಒಂದು ತೊಂದರೆ. “ಗೊತ್ತಿದೆ, ಆದರೆ ಯಾರೂ ನಂಬುವುದಿಲ್ಲ” ಅನ್ನುವುದು ಬೇರೆಯೇ ತೊಂದರೆ. “ಹೋದ ತಿಂಗಳು ಒಂದು ತಪ್ಪಾಯಿತು, ಜನ ಇನ್ನೂ ಅದನ್ನೇ ಆಡಿಕೊಳ್ಳುತ್ತಿದ್ದಾರೆ” ಅನ್ನುವ ಸ್ಥಿತಿ ನಿಮ್ಮದಾದರೆ ಈ ಲೇಖನದ ಕೊನೆಯ ಹೆಜ್ಜೆಗೆ ಈಗಲೇ ಹೋಗಿ. ಉಳಿದದ್ದು ಆಮೇಲೆ ಓದಬಹುದು.

2. ಪುಸ್ತಕದ ಇಸವಿ ನೋಡಿ

ಅಂಗಡಿಯಲ್ಲಿ ಪುಸ್ತಕ ಕೈಗೆತ್ತಿಕೊಂಡ ಕೂಡಲೇ ಅಚ್ಚಾದ ವರ್ಷ ನೋಡಿ, ಆಮೇಲೆ ಪರಿವಿಡಿ ನೋಡಿ. ಒಂದೊಂದು ಆ್ಯಪ್‌ಗೆ ಒಂದೊಂದು ಅಧ್ಯಾಯ ಇದ್ದರೆ ವಾಪಸ್ ಇಟ್ಟುಬಿಡಿ. ಹತ್ತು ಹನ್ನೆರಡು ವರ್ಷದ ಹಿಂದಿನ ಇಂಥ ಪುಸ್ತಕಗಳಲ್ಲಿ ಗೂಗಲ್ ಪ್ಲಸ್ ಅನ್ನುವ ಸೋಷಿಯಲ್ ಮೀಡಿಯಾ ಬಗ್ಗೆ ಪುಟಗಟ್ಟಲೆ ಸಲಹೆ ಇರುತ್ತಿತ್ತು. ಅದು 2019ರ ಏಪ್ರಿಲ್‌ನಲ್ಲಿ ಮುಚ್ಚಿತು. ಟಿಕ್‌ಟಾಕ್ ಮೇಲಿನ ಪುಸ್ತಕ 2020ರ ಜೂನ್ ನಂತರ ಭಾರತದಲ್ಲಿ ಉಪಯೋಗಕ್ಕಿಲ್ಲ. ಟ್ವಿಟರ್ 2023ರ ಜುಲೈನಲ್ಲಿ ಹೆಸರನ್ನೇ ಬದಲಿಸಿಕೊಂಡಿತು. ಯಾವ ಬಟನ್ ಎಲ್ಲಿದೆ ಅನ್ನುವುದನ್ನು ಆಯಾ ಕಂಪನಿಯ ಸಹಾಯ ಪುಟದಲ್ಲಿ ಬಿಟ್ಟಿಯಾಗಿ ಓದಬಹುದು. ಅದಕ್ಕೆ ಐನೂರು ರೂಪಾಯಿ ಯಾಕೆ ಕೊಡಬೇಕು, ಅಲ್ವಾ?

3. ನೂರು ವರ್ಷ ಹಿಂದಕ್ಕೆ ಹೋಗಿ

ಮೊದಲ ಪುಸ್ತಕ ಅಮೆರಿಕದ ಪತ್ರಕರ್ತ ವಾಲ್ಟರ್ ಲಿಪ್‌ಮನ್ ಅವರ ‘ಪಬ್ಲಿಕ್ ಒಪಿನಿಯನ್’. 1922ರದ್ದು. ಪೂರ್ತಿ ಓದಬೇಕು ಅಂತಿಲ್ಲ. ಮೊದಲ ಅಧ್ಯಾಯ ಮಾತ್ರ ಬಿಡಬೇಡಿ. ಅದು ಒಂದು ದ್ವೀಪದ ಕಥೆಯಿಂದ ಶುರುವಾಗುತ್ತದೆ. 1914ರಲ್ಲಿ ಆ ದ್ವೀಪದಲ್ಲಿ ಇಂಗ್ಲಿಷರು, ಫ್ರೆಂಚರು, ಜರ್ಮನ್ನರು ಒಟ್ಟಿಗೆ ಬಾಳುತ್ತಿದ್ದಾರೆ. ತಂತಿ ಸಂಪರ್ಕ ಇಲ್ಲ. ಅಂಚೆ ಹಡಗು ಬರುವುದು 60 ದಿನಕ್ಕೊಮ್ಮೆ. ಸೆಪ್ಟೆಂಬರ್ ಮಧ್ಯದಲ್ಲಿ ಹಡಗು ಬಂದಾಗ ಗೊತ್ತಾಗುತ್ತದೆ, ತಮ್ಮ ದೇಶಗಳು ಆರು ವಾರದಿಂದ ಯುದ್ಧ ಮಾಡುತ್ತಿವೆ ಅಂತ. ಆ ಆರು ವಾರ ಅವರು ಸ್ನೇಹಿತರ ಹಾಗೆ ಉಂಡು ತಿಂದು ಓಡಾಡಿದ್ದರು. ಹೊರಗೆ ನಡೆದದ್ದು ಒಂದು, ಅವರ ತಲೆಯೊಳಗಿನ ಚಿತ್ರ ಇನ್ನೊಂದು. ಮನುಷ್ಯ ನಡೆದುಕೊಳ್ಳುವುದು ತಲೆಯೊಳಗಿನ ಚಿತ್ರದ ಪ್ರಕಾರ ಅನ್ನುವುದು ಲಿಪ್‌ಮನ್ ಅವರ ಮಾತು.

ಈ ಅಧ್ಯಾಯ ಮುಗಿದ ಮರುದಿನ ಒಂದು ಕೆಲಸ ಮಾಡಿ. ನಿಮ್ಮ ಸಂಸ್ಥೆಗೆ ಸಂಬಂಧವಿಲ್ಲದ ಐದು ಜನರನ್ನು ಕೇಳಿ: “ನಮ್ಮ ಹೆಸರು ಕೇಳಿದ್ರೆ ನಿಮಗೆ ಮೊದಲು ಏನು ನೆನಪಾಗುತ್ತೆ?” ಅವರು ಹೇಳಿದ್ದನ್ನು ಹೇಳಿದ ಹಾಗೇ ಬರೆದುಕೊಳ್ಳಿ. ನೀವು ಸರಿಪಡಿಸಲು ಹೋಗಬೇಡಿ. ಪೋಸ್ಟರ್‌ನಲ್ಲಿ ನೀವು ಏನೇ ಹಾಕಿ, ಜನ ಅದನ್ನು ಆ ಚಿತ್ರದ ಮೂಲಕವೇ ಓದುತ್ತಾರೆ.

ಎರಡನೆಯದು ಎಡ್ವರ್ಡ್ ಬರ್ನೇಸ್ ಅವರ ‘ಪ್ರೊಪಗಾಂಡ’, 1928ರದ್ದು. ಚಿಕ್ಕ ಪುಸ್ತಕ. ಬರ್ನೇಸ್ ಮನೋವಿಜ್ಞಾನಿ ಸಿಗ್ಮಂಡ್ ಫ್ರಾಯ್ಡ್ ಅವರ ಸೋದರಳಿಯ. ಪಿಆರ್ ಅನ್ನುವ ವೃತ್ತಿಗೆ ಆಕಾರ ಕೊಟ್ಟವರಲ್ಲಿ ಒಬ್ಬರು. ಈ ಪುಸ್ತಕ ಬಂದ ಮರುವರ್ಷ, ಈಸ್ಟರ್ ಹಬ್ಬದ ದಿನ, ನ್ಯೂಯಾರ್ಕ್‌ನ ಮೆರವಣಿಗೆಯಲ್ಲಿ ಕೆಲವು ಯುವತಿಯರು ಎಲ್ಲರ ಮುಂದೆ ಸಿಗರೇಟ್ ಹಚ್ಚಿದರು. ಆಗ ಹೆಂಗಸರು ಬೀದಿಯಲ್ಲಿ ಸಿಗರೇಟ್ ಸೇದುವುದು ನಾಚಿಕೆಯ ವಿಷಯವಾಗಿತ್ತು. ಅದನ್ನು ‘ಸ್ವಾತಂತ್ರ್ಯದ ಪಂಜು’ ಅಂತ ಕರೆದರು, ಪತ್ರಿಕೆಗಳು ಹೆಂಗಸರ ಹಕ್ಕಿನ ಸುದ್ದಿಯ ಹಾಗೆ ಬರೆದವು. ಅದರ ಹಿಂದೆ ಇದ್ದದ್ದು ಬರ್ನೇಸ್. ಅವರಿಗೆ ದುಡ್ಡು ಕೊಟ್ಟದ್ದು ಒಂದು ಸಿಗರೇಟ್ ಕಂಪನಿ. ಓದುಗರಿಗೆ ಅದು ಗೊತ್ತಿರಲಿಲ್ಲ.

ಇವತ್ತು ಇನ್‌ಸ್ಟಾಗ್ರಾಂನಲ್ಲಿ ಒಬ್ಬರು “ನನಗೆ ತುಂಬಾ ಇಷ್ಟವಾದ ಕ್ರೀಮ್ ಇದು” ಅಂತ ಹೇಳಿ, ದುಡ್ಡು ತೆಗೆದುಕೊಂಡದ್ದನ್ನು ಮುಚ್ಚಿಟ್ಟರೆ ಅದೂ ಇದೇ ಆಟ. ನಮ್ಮಲ್ಲಿ ಜಾಹೀರಾತು ಮಾನದಂಡ ಮಂಡಳಿ 2021ರಲ್ಲೇ ಇದಕ್ಕೆ ನಿಯಮ ತಂದಿದೆ. ದುಡ್ಡು ಅಥವಾ ಬಿಟ್ಟಿ ವಸ್ತು ಪಡೆದು ಮಾಡಿದ ಪೋಸ್ಟ್ ಮೇಲೆ ಜಾಹೀರಾತು ಅಂತ ಎದ್ದು ಕಾಣುವ ಹಾಗೆ ಹಾಕಬೇಕು. ಬರ್ನೇಸ್ ಪುಸ್ತಕವನ್ನು ಪೆನ್ಸಿಲ್ ಹಿಡಿದೇ ಓದಿ. ಪ್ರತಿ ಉಪಾಯದ ಪಕ್ಕ ಎರಡು ಪ್ರಶ್ನೆ ಬರೆಯಿರಿ: ದುಡ್ಡು ಕೊಟ್ಟವರು ಯಾರು? ಜನರಿಗೆ ಅದು ಗೊತ್ತಿತ್ತಾ? ತಮ್ಮ 1923ರ ಇನ್ನೊಂದು ಪುಸ್ತಕವನ್ನು ನಾಜಿ ಜರ್ಮನಿಯಲ್ಲಿ ಹಿಟ್ಲರ್‌ನ ಪ್ರಚಾರ ಮಂತ್ರಿ ಗೊಬೆಲ್ಸ್ ಬಳಸುತ್ತಿದ್ದ ಅಂತ ಬರ್ನೇಸ್ ಅವರೇ ಮುಂದೆ ಆತ್ಮಕಥೆಯಲ್ಲಿ ಬರೆದರು. ಇದು ನನಗೆ ಇವತ್ತಿಗೂ ಎದೆಗೆ ಚುಚ್ಚುವ ವಿಷಯ. ನಾವು ಕಲಿಯುತ್ತಿರುವ ಕೆಲಸಕ್ಕೆ ಅಷ್ಟು ಶಕ್ತಿ ಇದೆ.

4. ಪಠ್ಯಪುಸ್ತಕವನ್ನು ನಿಘಂಟಿನ ಹಾಗೆ ಬಳಸಿ

ಕಟ್ಲಿಪ್ ಮತ್ತು ಸೆಂಟರ್ ಅವರ ‘ಎಫೆಕ್ಟಿವ್ ಪಬ್ಲಿಕ್ ರಿಲೇಷನ್ಸ್’ 1952ರಲ್ಲಿ ಮೊದಲು ಬಂತು. ಆಮೇಲೆ ಎಷ್ಟೋ ಸಲ ಪರಿಷ್ಕರಣೆ ಆಗಿದೆ. ಪತ್ರಿಕೋದ್ಯಮ ವಿಭಾಗ ಇರುವ ಕಾಲೇಜಿನ ಗ್ರಂಥಾಲಯದಲ್ಲಿ ಕೇಳಿ ನೋಡಿ. ಬೆಂಗಳೂರಿನವರಾದರೆ ಕಬ್ಬನ್ ಪಾರ್ಕ್‌ನ ರಾಜ್ಯ ಕೇಂದ್ರ ಗ್ರಂಥಾಲಯ, ಚರ್ಚ್ ಸ್ಟ್ರೀಟ್ ಮತ್ತು ಅವೆನ್ಯೂ ರೋಡಿನ ಹಳೆ ಪುಸ್ತಕದ ಅಂಗಡಿಗಳಲ್ಲೂ ಹುಡುಕಬಹುದು. ಹಳೆಯ ಆವೃತ್ತಿ ಸಿಕ್ಕರೂ ಸಾಕು.

ಮೊದಲಿಂದ ಕೊನೆಯವರೆಗೆ ಓದಲು ಹೋದರೆ ಸುಸ್ತಾಗುತ್ತದೆ. ಅದರಲ್ಲಿ ಬರುವ ನಾಲ್ಕು ಹಂತದ ಅಧ್ಯಾಯಗಳನ್ನು ಮಾತ್ರ ಓದಿ. ತೊಂದರೆ ಏನು ಅಂತ ತಿಳಿ, ಯೋಚನೆ ಮಾಡಿ ಯೋಜನೆ ಹಾಕು, ಆಮೇಲೆ ಮಾತಾಡು, ಕೊನೆಗೆ ಏನಾಯಿತು ಅಂತ ಅಳೆ. ನಾವು ಹೆಚ್ಚಿನವರು ಮೂರನೆಯದರಿಂದ ಶುರು ಮಾಡಿ ಅಲ್ಲೇ ನಿಲ್ಲಿಸುತ್ತೇವೆ. ಪೋಸ್ಟರ್ ಮಾಡಿದೆವು, ಹಾಕಿದೆವು, ಮುಗಿಯಿತು.

5. ಸಂತೆಯ ಮಾತಿಗೆ ಬನ್ನಿ

‘ದಿ ಕ್ಲೂಟ್ರೇನ್ ಮ್ಯಾನಿಫೆಸ್ಟೊ’ವನ್ನು ನಾಲ್ಕು ಜನ ಸೇರಿ 1999ರಲ್ಲಿ ಇಂಟರ್ನೆಟ್‌ನಲ್ಲಿ ಹಾಕಿದರು. ಫೇಸ್‌ಬುಕ್ ಹುಟ್ಟಲು ಇನ್ನೂ ಐದು ವರ್ಷ ಇತ್ತು. ಹಿಂದೆ ಚರ್ಚ್‌ನ ತಪ್ಪುಗಳನ್ನು ಪ್ರಶ್ನಿಸಿದ ಜರ್ಮನಿಯ ಪಾದ್ರಿ ಮಾರ್ಟಿನ್ ಲೂಥರ್ ಅವರ 95 ಮಾತುಗಳ ಹಾಗೆ ಇದರಲ್ಲೂ 95 ಇವೆ. ಮೊದಲನೆಯದು: ಮಾರುಕಟ್ಟೆ ಅಂದರೆ ಮಾತುಕತೆ.

ಸಂತೆಗೆ ಹೋದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಸೊಪ್ಪು ಮಾರುವ ಅಜ್ಜಿ ನಿಮ್ಮ ಮನೆಯವರ ಆರೋಗ್ಯ ಕೇಳುತ್ತಾಳೆ, ಹೋದ ವಾರದ ಬದನೆಕಾಯಿ ಹೇಗಿತ್ತು ಅಂತ ಕೇಳುತ್ತಾಳೆ, ಚೌಕಾಸಿಗೆ ಬೈಯುತ್ತಾಳೆ, ಕೊನೆಗೆ ಒಂದು ಹಿಡಿ ಕೊತ್ತಂಬರಿ ಜಾಸ್ತಿ ಹಾಕುತ್ತಾಳೆ. ದೊಡ್ಡ ಕಂಪನಿಗಳು ಮೈಕ್ ಹಿಡಿದು ಈ ಮಾತುಕತೆ ಮರೆತಿದ್ದವು. 95 ಮಾತುಗಳನ್ನು ಅರ್ಧ ಗಂಟೆಯಲ್ಲಿ ಓದಬಹುದು. ಅವರದೇ ವೆಬ್‌ಸೈಟಿನಲ್ಲಿ ಬಿಟ್ಟಿಯಾಗಿ ಸಿಗುತ್ತದೆ.

ಇದರ ಜೊತೆಗೆ ಡೇವಿಡ್ ಮೀರ್‌ಮನ್ ಸ್ಕಾಟ್ ಅವರ ‘ದಿ ನ್ಯೂ ರೂಲ್ಸ್ ಆಫ್ ಮಾರ್ಕೆಟಿಂಗ್ ಆ್ಯಂಡ್ ಪಿಆರ್’. 2007ರಲ್ಲಿ ಬಂದದ್ದು, ಆಗಾಗ ತಿದ್ದುತ್ತಾ ಇದ್ದಾರೆ. ಇದೊಂದರಲ್ಲಿ ಮಾತ್ರ ಹೊಸ ಆವೃತ್ತಿಯನ್ನೇ ಕೊಳ್ಳಿ. ಮೊದಲು ಪತ್ರಿಕಾ ಪ್ರಕಟಣೆಯನ್ನು ವರದಿಗಾರರಿಗೋಸ್ಕರ ಬರೆಯುತ್ತಿದ್ದರು, ಈಗ ಗಿರಾಕಿಯೇ ನೇರವಾಗಿ ಓದುತ್ತಾನೆ ಅನ್ನುವುದು ಇದರ ತಿರುಳು.

6. ಬರೆಯುವುದನ್ನು ಕಲಿಯಿರಿ

ಒಂದೇ ಪುಸ್ತಕ ಕೊಳ್ಳುವಷ್ಟು ದುಡ್ಡಿದೆ ಅಂದರೆ ಚಿಪ್ ಹೀತ್, ಡ್ಯಾನ್ ಹೀತ್ ಅಣ್ಣತಮ್ಮಂದಿರ ‘ಮೇಡ್ ಟು ಸ್ಟಿಕ್’ ಕೊಳ್ಳಿ ಅಂತ ನಾನು ಹೇಳುತ್ತೇನೆ. 2007ರದ್ದು. ಅದರಲ್ಲಿ 1990ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ನಡೆದ ಒಂದು ಪ್ರಯೋಗದ ಕಥೆ ಬರುತ್ತದೆ. ಒಬ್ಬರು ಎಲ್ಲರಿಗೂ ಗೊತ್ತಿರುವ ಹಾಡಿನ ತಾಳವನ್ನು ಮೇಜಿನ ಮೇಲೆ ಬೆರಳಿನಿಂದ ತಟ್ಟಬೇಕು. ಇನ್ನೊಬ್ಬರು ಅದು ಯಾವ ಹಾಡು ಅಂತ ಹೇಳಬೇಕು. ತಟ್ಟುವವರು ಅರ್ಧಕ್ಕರ್ಧ ಸಲ ಗೊತ್ತಾಗುತ್ತದೆ ಅಂದುಕೊಂಡಿದ್ದರು. 120 ಹಾಡು ತಟ್ಟಿದರು. ಗೊತ್ತಾದದ್ದು ಮೂರೇ ಮೂರು.

ಯಾಕೆ ಹೀಗೆ? ತಟ್ಟುವವರ ತಲೆಯಲ್ಲಿ ಹಾಡು ಕೇಳುತ್ತಿರುತ್ತದೆ. ಎದುರಿಗಿರುವವರಿಗೆ ಕೇಳುವುದು ಬರೀ ಟಕ್ ಟಕ್. ಇವತ್ತು ರಾತ್ರಿ ಮನೆಯಲ್ಲಿ ಮಾಡಿ ನೋಡಿ, ಚಿಕ್ಕಮಕ್ಕಳಿಗೂ ಖುಷಿಯಾಗುತ್ತದೆ. ಆಮೇಲೆ ನಿಮ್ಮ ಸಂಸ್ಥೆಯ ಹಳೆಯ ನೋಟಿಸ್ ತೆಗೆದು ಓದಿ. ನಮ್ಮ ಕನ್ನಡದ ನೋಟಿಸ್‌ಗಳಲ್ಲಿ ಈ ಟಕ್ ಟಕ್ ತುಂಬಿಹೋಗಿದೆ:

“ಸದರಿ ಸಂಘದ ಸಮಸ್ತ ಸದಸ್ಯರಿಗೆ ಈ ಮೂಲಕ ತಿಳಿಯಪಡಿಸುವುದೇನೆಂದರೆ, ತಾಂತ್ರಿಕ ಕಾರಣಗಳಿಂದಾಗಿ ಹಾಲು ಸ್ವೀಕರಣಾ ಸಮಯದಲ್ಲಿ ಮಾರ್ಪಾಡು ಮಾಡಲಾಗಿರುತ್ತದೆ.”

ಇದನ್ನೇ ಹೀಗೆ ಬರೆಯಬಹುದು:

“ಸೋಮವಾರದಿಂದ ಬೆಳಗ್ಗೆ ಹಾಲು ತೆಗೆದುಕೊಳ್ಳುವುದು ಆರೂವರೆಗೆ ಅಲ್ಲ, ಏಳಕ್ಕೆ. ಹೊಸ ತೂಕದ ಯಂತ್ರ ಕೂರಿಸುತ್ತಿದ್ದೇವೆ. ಒಂದು ವಾರ ಸಹಕರಿಸಿ.”

ಹತ್ತು ಹಳೆಯ ನೋಟಿಸ್‌ಗಳನ್ನು ಹೀಗೆ ತಿರುಗಿ ಬರೆದರೆ ನಿಮ್ಮ ಪೇಜ್‌ನ ಭಾಷೆ ತಾನಾಗಿಯೇ ಬದಲಾಗುತ್ತದೆ.

ಇಲ್ಲೊಂದು ಮಾತು ಹೇಳಬೇಕು. ನಾನು ಹೇಳುತ್ತಿರುವವೆಲ್ಲ ಇಂಗ್ಲಿಷ್ ಪುಸ್ತಕಗಳು. ಓದಲು ಕಷ್ಟವಾದರೆ ಹೆದರಬೇಡಿ. ಒಂದು ಅಧ್ಯಾಯ ಆದ ಮೇಲೆ ಪುಸ್ತಕ ಮುಚ್ಚಿ, ಅರ್ಧ ಪುಟ ಕನ್ನಡದಲ್ಲಿ ಬರೆಯಿರಿ, ಪಕ್ಕದ ಮನೆಯವರಿಗೆ ಹೇಳುವ ಹಾಗೆ. ‘ಎಂಗೇಜ್‌ಮೆಂಟ್’ ಅನ್ನುವ ಪದ ಬಂದಾಗ ನಾನು ನೋಟ್‌ಬುಕ್‌ನಲ್ಲಿ “ಜನ ನಮ್ಮ ಜೊತೆ ಮಾತಾಡಿದರಾ?” ಅಂತ ಬರೆದುಕೊಂಡೆ. ಅವತ್ತಿನಿಂದ ಲೈಕ್ ಎಣಿಸುವುದು ಬಿಟ್ಟು, ಬಂದ ಪ್ರಶ್ನೆಗಳನ್ನು ಎಣಿಸಲು ಶುರು ಮಾಡಿದೆ.

7. ಶೇರ್ ಬಂದರೆ ಜನ ಬಂದ ಹಾಗಲ್ಲ

ಜೈನೆಪ್ ತುಫೆಕ್ಚಿ ಅವರ ‘ಟ್ವಿಟರ್ ಆ್ಯಂಡ್ ಟಿಯರ್ ಗ್ಯಾಸ್’ 2017ರದ್ದು. ಟರ್ಕಿಯಲ್ಲಿ ಹುಟ್ಟಿದ ಸಮಾಜವಿಜ್ಞಾನಿ ಅವರು. 2013ರಲ್ಲಿ ಇಸ್ತಾಂಬುಲ್‌ನ ಗೆಜಿ ಪಾರ್ಕ್ ಪ್ರತಿಭಟನೆಯನ್ನು ಹತ್ತಿರದಿಂದ ನೋಡಿದವರು. ಫೋನ್ ಇದ್ದರೆ ಲಕ್ಷ ಜನರನ್ನು ಬೇಗ ಸೇರಿಸಬಹುದು, ಆದರೆ ಸೇರಿದವರು ಮುಂದೇನು ಮಾಡಬೇಕು ಅಂತ ಒಟ್ಟಿಗೆ ತೀರ್ಮಾನಿಸುವ ಅಭ್ಯಾಸ ಅಷ್ಟು ಬೇಗ ಬರುವುದಿಲ್ಲ ಅನ್ನುತ್ತಾರೆ. ಅಮೆರಿಕದ ಕಪ್ಪು ಜನರ ಹಕ್ಕಿಗಾಗಿ ನಡೆದ 1963ರ ವಾಷಿಂಗ್ಟನ್ ಮೆರವಣಿಗೆಗೆ ತಿಂಗಳುಗಟ್ಟಲೆ ತಯಾರಿ ನಡೆದಿತ್ತು. ಆ ತಯಾರಿಯಲ್ಲೇ ಜನ ಒಬ್ಬರನ್ನೊಬ್ಬರು ನಂಬಲು ಕಲಿತರು. ರಕ್ತದಾನ ಶಿಬಿರದ ಪೋಸ್ಟರ್‌ಗೆ ಮುನ್ನೂರು ಶೇರ್ ಬಂದು, ಶಿಬಿರಕ್ಕೆ ಒಂಬತ್ತು ಜನ ಬಂದ ಅನುಭವ ಇರುವವರಿಗೆ ಈ ಪುಸ್ತಕ ತಕ್ಷಣ ಅರ್ಥವಾಗುತ್ತದೆ. ಇದನ್ನೂ ಲೇಖಕಿಯೇ ಬಿಟ್ಟಿಯಾಗಿ ಓದಲು ಇಟ್ಟಿದ್ದಾರೆ.

8. ತಪ್ಪಾಗುವ ಮುಂಚೆ ಈ ಪುಸ್ತಕ ಓದಿ

ಜಾನ್ ರಾನ್ಸನ್ ಅವರ ‘ಸೋ ಯೂ ಹ್ಯಾವ್ ಬೀನ್ ಪಬ್ಲಿಕ್ಲಿ ಶೇಮ್ಡ್’, 2015ರದ್ದು. ಪಿಆರ್ ಪುಸ್ತಕ ಅಂತ ಯಾರೂ ಇದನ್ನು ಮಾರುವುದಿಲ್ಲ. ನನ್ನ ಪಾಲಿಗೆ ಇದಕ್ಕಿಂತ ದೊಡ್ಡ ಪಾಠ ಇನ್ನೊಂದಿಲ್ಲ. 2013ರ ಡಿಸೆಂಬರ್‌ನಲ್ಲಿ ಒಬ್ಬ ಮಹಿಳೆ ಲಂಡನ್‌ನಲ್ಲಿ ವಿಮಾನ ಹತ್ತುವ ಮುಂಚೆ ಒಂದು ಕೆಟ್ಟ ಟ್ವೀಟ್ ಹಾಕಿದರು. ಅವರನ್ನು ಹಿಂಬಾಲಿಸುತ್ತಿದ್ದವರು ಸುಮಾರು 170 ಜನ. ಕೇಪ್‌ಟೌನ್‌ಗೆ 11 ಗಂಟೆ ಪ್ರಯಾಣ. ಇಳಿಯುವ ಹೊತ್ತಿಗೆ ಜಗತ್ತಿನ ಸಾವಿರಾರು ಜನ ಅವರನ್ನು ಬೈಯುತ್ತಿದ್ದರು. ಕೆಲಸ ಹೋಯಿತು. ರಾನ್ಸನ್ ಇಂಥವರನ್ನು ಹುಡುಕಿಕೊಂಡು ಹೋಗಿ, ಕೂತು ಮಾತಾಡಿಸಿದ್ದಾರೆ. ಪೇಜ್ ನಡೆಸುವವರು ಇನ್ನೊಬ್ಬರ ಮೇಲೆ ಪೋಸ್ಟ್ ಹಾಕುವ ಮುಂಚೆ ಎರಡು ಸಲ ಯೋಚಿಸುವ ಹಾಗೆ ಈ ಪುಸ್ತಕ ಮಾಡುತ್ತದೆ.

ಇದರ ಜೊತೆ ನಮ್ಮ ದೇಶದ ಒಂದು ಪ್ರಕರಣ ಸೇರಿಸಿ ಓದಿ. 2003ರ ಅಕ್ಟೋಬರ್‌ನಲ್ಲಿ ಮಹಾರಾಷ್ಟ್ರದಲ್ಲಿ ಕ್ಯಾಡ್‌ಬರಿ ಚಾಕೊಲೆಟ್‌ನಲ್ಲಿ ಹುಳ ಸಿಕ್ಕಿತು. ಅಂಗಡಿಗಳಲ್ಲಿ ಸರಿಯಾಗಿ ಇಡದೆ ಹೀಗಾಗಿದೆ ಅಂತ ಕಂಪನಿ ಮೊದಲು ಹೇಳಿತು. ಜನರಿಗೆ ಅದು ಸಮಾಧಾನ ತರಲಿಲ್ಲ. ಆಮೇಲೆ ಅಂಗಡಿಯವರಿಗೆ ತಿಳಿವಳಿಕೆ ಕೊಟ್ಟರು, ಚಾಕೊಲೆಟ್ ಸುತ್ತುವ ಹೊದಿಕೆಯನ್ನೇ ಗಟ್ಟಿ ಮಾಡಿದರು, ಅಮಿತಾಭ್ ಬಚ್ಚನ್ ಬಂದು ಅದನ್ನು ಟಿವಿಯಲ್ಲಿ ಹೇಳಿದರು. ಹೊದಿಕೆ ಬದಲಾದ ಮೇಲೆ ಹೇಳುವುದಕ್ಕೆ ಏನೋ ಇತ್ತು. ಬರೀ ಬಚ್ಚನ್ ಬಂದಿದ್ದರೆ ಆಗುತ್ತಿರಲಿಲ್ಲ.

ನಾನು ಕೆಲಸ ಮಾಡುತ್ತಿದ್ದ ಒಂದು ಸಂಸ್ಥೆಯಲ್ಲಿ ಒಬ್ಬರು ನಮ್ಮ ಪೇಜ್‌ನಲ್ಲಿ ದೂರು ಬರೆದರು. ಮೇಲಿನವರು ಅಳಿಸಿ ಅಂದರು, ನಾನು ಅಳಿಸಿದೆ. ಒಂದು ಗಂಟೆಯೊಳಗೆ ಅದರ ಸ್ಕ್ರೀನ್‌ಶಾಟ್ ಊರಿನ ಎಲ್ಲ ವಾಟ್ಸ್ಆ್ಯಪ್ ಗುಂಪಿನಲ್ಲಿತ್ತು. ದೂರು ಚಿಕ್ಕದು, ಅಳಿಸಿದ್ದು ದೊಡ್ಡ ಸುದ್ದಿಯಾಯಿತು. “ನೋಡಿದ್ದೇವೆ, ಸಂಜೆ ಐದರೊಳಗೆ ಉತ್ತರ ಕೊಡುತ್ತೇವೆ” ಅಂತ ಒಂದು ಸಾಲು ಬರೆದಿದ್ದರೆ ಆ ಮನುಷ್ಯ ಕಾಯುತ್ತಿದ್ದರು ಅಂತ ನನಗೆ ಇವತ್ತಿಗೂ ಅನಿಸುತ್ತದೆ.

ಹಾಗಾಗಿ ಈ ಹೆಜ್ಜೆಯ ಕೆಲಸ ಇದು. ಒಂದು ಹಾಳೆಯಲ್ಲಿ ನಾಲ್ಕು ವಿಷಯ ಬರೆಯಿರಿ. ತಪ್ಪಾದಾಗ ಮೊದಲು ಯಾರಿಗೆ ಫೋನ್ ಮಾಡಬೇಕು. ಸಂಸ್ಥೆಯ ಪರವಾಗಿ ಮಾತಾಡುವ ಒಬ್ಬರು ಯಾರು. ಅವರು ಸಿಗದಿದ್ದರೆ ಇನ್ಯಾರು. ಮೊದಲ ಉತ್ತರ ಎಷ್ಟು ಹೊತ್ತಿನೊಳಗೆ ಹೋಗಬೇಕು. ಅಧ್ಯಕ್ಷರಿಂದ ಸಹಿ ಹಾಕಿಸಿ, ಆಫೀಸಿನ ಗೋಡೆಗೆ ಅಂಟಿಸಿ. ಆರು ತಿಂಗಳಿಗೊಮ್ಮೆ ಆ ನಂಬರ್‌ಗಳಿಗೆ ಫೋನ್ ಮಾಡಿ ನೋಡಿ, ಬದಲಾಗಿದ್ದರೆ ತಿದ್ದಿ.