ಬೆಳಕಿನ ಚಿಮಟದಲ್ಲಿ ಒಂದು ಮಣಿಯನ್ನು ಹಿಡಿದ ಬಗೆ

ಒಂದು ವಾಟ್ ಬೆಳಕು ಕನ್ನಡಿಗೆ ನೇರವಾಗಿ ಬಡಿದು ಪೂರ್ತಿಯಾಗಿ ಹಿಂದಿರುಗಿದರೂ ಅದು ತಳ್ಳುವ ಬಲ 7 ನ್ಯಾನೋನ್ಯೂಟನ್ನಿಗಿಂತ ಕಡಿಮೆ. ನಮ್ಮ ಅಳತೆಯ ವಸ್ತುಗಳಿಗೆ ಇದು ಲೆಕ್ಕಕ್ಕೇ ಇಲ್ಲ. ಆದರೆ ಒಂದು ಮೈಕ್ರೋಮೀಟರ್ ವ್ಯಾಸದ ಪಾಲಿಸ್ಟೈರೀನ್ ಮಣಿಗೆ, ಈ ಬಲದ ಸಾವಿರದಲ್ಲೊಂದು ಪಾಲು ಕೂಡ ಅದರ ತೂಕದ ಸಾವಿರ ಪಟ್ಟಿಗೂ ಹೆಚ್ಚು ಆಗುತ್ತದೆ. ಪ್ರಯೋಗಾಲಯದಲ್ಲಿ ನಾನು ಕಟ್ಟಿಕೊಂಡ ಬೆಳಕಿನ ಚಿಮಟ, ಅಂದರೆ ಲೇಸರ್ ಬೆಳಕಿನಿಂದಲೇ ಇಂಥ ಸಣ್ಣ ಕಣಗಳನ್ನು ಹಿಡಿದಿಡುವ ಸಾಧನ, ನಿಂತಿರುವುದು ಈ ಲೆಕ್ಕದ ಮೇಲೆಯೇ.

ಅಮೆರಿಕದ ಬೆಲ್ ಲ್ಯಾಬ್ಸ್ ಸಂಶೋಧನಾಲಯದ ಆರ್ಥರ್ ಆಶ್ಕಿನ್ 1970ರಲ್ಲಿ ಎದುರುಬದುರಾದ ಎರಡು ಲೇಸರ್ ಕಿರಣಗಳ ನಡುವೆ ಇಂಥ ಮಣಿಗಳನ್ನು ಹಿಡಿದಿಟ್ಟಿದ್ದರು. 1986ರಲ್ಲಿ ಅವರೂ ಸಹೋದ್ಯೋಗಿಗಳೂ ಒಂದೇ ಕಿರಣದಿಂದ ಅದನ್ನು ಸಾಧಿಸಿದರು. ತಳ್ಳುವ ಬೆಳಕು ಹಿಡಿದಿಡುವುದಾದರೂ ಹೇಗೆ ಎಂಬ ಪ್ರಶ್ನೆಗೆ ಉತ್ತರ ವಕ್ರೀಭವನದಲ್ಲಿದೆ. ನೀರಿಗಿಂತ ಹೆಚ್ಚು ವಕ್ರೀಭವನ ಸೂಚ್ಯಂಕವಿರುವ ಮಣಿಯನ್ನು ಹಾಯುವಾಗ ಕಿರಣ ಬಾಗುತ್ತದೆ, ಬಾಗಿದಾಗ ಅದರ ಸಂವೇಗ ಬದಲಾಗುತ್ತದೆ, ಅದಕ್ಕೆ ಪ್ರತಿಯಾಗಿ ಮಣಿ ಬೆಳಕು ಅತಿ ತೀಕ್ಷ್ಣವಾಗಿರುವ ನಾಭಿಯ ಕಡೆಗೆ ಸೆಳೆಯಲ್ಪಡುತ್ತದೆ. ಈ ಸೆಳೆತ ನೇರ ತಳ್ಳಾಟವನ್ನು ಮೀರಿದರೆ ಮಾತ್ರ ಮಣಿ ನಿಲ್ಲುತ್ತದೆ.

ನೀರು ಕಡಿಮೆ ಹೀರುವ 1064 ನ್ಯಾನೋಮೀಟರ್ ಅವಕೆಂಪು ಲೇಸರ್ ಮತ್ತು 100 ಪಟ್ಟು ಹಿಗ್ಗಿಸುವ ಎಣ್ಣೆ-ಆಬ್ಜೆಕ್ಟಿವ್ (ಗಾಜಿಗೂ ತನಗೂ ನಡುವೆ ಎಣ್ಣೆಯ ಹನಿ ಇಟ್ಟು ಬಳಸುವ ಸೂಕ್ಷ್ಮದರ್ಶಕದ ಮಸೂರ) ಬಳಸಿದೆ. (ಈ ಬೆಳಕು ಕಣ್ಣಿಗೆ ಕಾಣದಿರುವುದೇ ಅಪಾಯ, ತಕ್ಕ ಕನ್ನಡಕವಿಲ್ಲದೆ ಲೇಸರ್ ಹಚ್ಚಲೇಬಾರದು.) ಹೊಸಬರು ಸಾಮಾನ್ಯವಾಗಿ ಲೇಸರ್‌ನ ಶಕ್ತಿ ಹೆಚ್ಚಿಸಲು ಹೋಗುತ್ತಾರೆ. ಅದಕ್ಕಿಂತ ಮುಖ್ಯವಾದದ್ದು ಆಬ್ಜೆಕ್ಟಿವ್‌ನ ಹಿಂಬದಿಯ ರಂಧ್ರವನ್ನು ಕಿರಣ ಅಂಚಿನವರೆಗೂ ತುಂಬುವಂತೆ ಎರಡು ಮಸೂರಗಳಿಂದ ಅದನ್ನು ಅಗಲಿಸುವುದು ಎಂಬುದು ನನ್ನ ಖಚಿತ ಅಭಿಪ್ರಾಯ, ಏಕೆಂದರೆ ಮಣಿಯನ್ನು ಬೆಳಕಿನ ದಿಕ್ಕಿಗೆ ವಿರುದ್ಧವಾಗಿ ಹಿಂದಕ್ಕೆಳೆಯುವ ಕೆಲಸ ಮಾಡುವುದು ಅಂಚಿನಿಂದ ಓರೆಯಾಗಿ ಬರುವ ಕಿರಣಗಳೇ. ರಂಧ್ರ ತುಂಬದಿದ್ದರೆ ಮಣಿ ಅಡ್ಡಡ್ಡಲಾಗಿ ಸಿಕ್ಕಿಬಿದ್ದರೂ ಕಿರಣದ ಜೊತೆಯಲ್ಲೇ ಮುಂದೆ ಸಾಗಿ ಎದುರಿನ ಗಾಜಿಗೆ ಹೋಗಿ ಒತ್ತಿಕೊಳ್ಳುತ್ತದೆ. ಆಗ ಶಕ್ತಿ ಹೆಚ್ಚಿಸಿದರೆ ತಳ್ಳಾಟವೂ ಅಷ್ಟೇ ಹೆಚ್ಚುತ್ತದೆ.

ಮಾದರಿಯ ತಯಾರಿ ಸರಳ. ಗಾಜಿನ ಸ್ಲೈಡಿಗೂ ಅದರ ಮೇಲೆ ಮುಚ್ಚುವ ತೆಳು ಗಾಜಾದ ಕವರ್‌ಸ್ಲಿಪ್ಪಿಗೂ ನಡುವೆ ಎರಡು ಬದಿ ಅಂಟುವ ಟೇಪಿನ ಪಟ್ಟಿಗಳನ್ನಿಟ್ಟು, ಬಹಳ ತೆಳುವಾಗಿಸಿದ ಮಣಿಗಳ ನೀರನ್ನು ಒಳಗೆ ಬಿಟ್ಟು, ಬಾಯನ್ನು ಉಗುರುಬಣ್ಣದಿಂದ ಮುಚ್ಚಿದರಾಯಿತು. ಹಿಡಿಯುವ ಜಾಗ ಮಾತ್ರ ಕವರ್‌ಸ್ಲಿಪ್ಪಿನಿಂದ ಕೆಲವೇ ಮೈಕ್ರೋಮೀಟರ್ ಆಳದಲ್ಲಿರಬೇಕು. ಎಣ್ಣೆ ಮತ್ತು ನೀರಿನ ವಕ್ರೀಭವನ ಸೂಚ್ಯಂಕಗಳು ಬೇರೆಯಾದ್ದರಿಂದ ಆಳಕ್ಕೆ ಹೋದಂತೆ ನಾಭಿ ಹರಡಿ ಹಿಡಿತ ಸಡಿಲವಾಗುತ್ತದೆ.

ಹಿಡಿತಕ್ಕೆ ಸಿಗುವ ಗಳಿಗೆಯನ್ನು ಪರದೆಯ ಮೇಲೆ ಗುರುತಿಸುವುದು ಸುಲಭ. ದಿಕ್ಕುದೆಸೆಯಿಲ್ಲದೆ ತೇಲುತ್ತಿದ್ದ ಮಣಿ ನಾಭಿಯ ಹತ್ತಿರ ಬಂದೊಡನೆ ಥಟ್ಟನೆ ಒಳಕ್ಕೆ ಜಿಗಿಯುತ್ತದೆ, ಆಮೇಲೆ ಮಾದರಿಯನ್ನಿಟ್ಟ ವೇದಿಕೆಯನ್ನು ಸರಿಸಿದರೆ ಉಳಿದ ಮಣಿಗಳೆಲ್ಲ ಪಕ್ಕದಲ್ಲಿ ಹರಿದುಹೋಗುತ್ತವೆ, ಇದೊಂದು ಮಾತ್ರ ಕದಲದು. ಸ್ವಲ್ಪ ಹೊತ್ತಿನಲ್ಲಿ ಎರಡನೆಯ ಮಣಿಯೂ ಬಂದು ಅದರ ಹಿಂದೆ ಸೇರಿಕೊಳ್ಳುವುದುಂಟು. ಆಗ ಲೇಸರ್‌ಗೆ ಅಡ್ಡಹಿಡಿದು ಎರಡನ್ನೂ ಬಿಟ್ಟು ಮತ್ತೆ ಹಿಡಿಯುವುದೇ ಮೇಲು.

ಕದಲದು ಎಂದೆನಾದರೂ ನೀರಿನ ಅಣುಗಳು ಅದನ್ನು ಸದಾ ಜಾಡಿಸುತ್ತಲೇ ಇರುತ್ತವೆ, ಮತ್ತು ಅಳತೆಗೆ ನೆರವಾಗುವುದು ಆ ಜಾಡಿಸುವಿಕೆಯೇ. ಹಿಡಿತವು ಒಂದು ಸ್ಪ್ರಿಂಗಿನಂತೆ ವರ್ತಿಸುವುದರಿಂದ, ಬೆಳಕು ಬಿದ್ದ ಜಾಗವನ್ನು ಗುರುತಿಸುವ ನಾಲ್ಕು ಭಾಗಗಳ ಫೋಟೋಡಯೋಡಿನಿಂದ ಮಣಿಯ ಅಲುಗಾಟವನ್ನು ದಾಖಲಿಸಿ, ಉಷ್ಣಶಕ್ತಿಯನ್ನು (ಬೋಲ್ಟ್ಸ್‌ಮನ್ ಸ್ಥಿರಾಂಕ × ಕೆಲ್ವಿನ್ ತಾಪ) ಅಲುಗಾಟದ ವರ್ಗದ ಸರಾಸರಿಯಿಂದ ಭಾಗಿಸಿದರೆ ಹಿಡಿತದ ಬಿಗಿಯನ್ನು ಹೇಳುವ ಸ್ಪ್ರಿಂಗ್ ಸ್ಥಿರಾಂಕ ಸಿಗುತ್ತದೆ. ಸ್ಥಿರಾಂಕ ಮೈಕ್ರೋಮೀಟರಿಗೆ 50 ಪಿಕೋನ್ಯೂಟನ್ ಇದ್ದರೆ ಕೊಠಡಿಯ ತಾಪದಲ್ಲಿ ಅಲುಗಾಟ ಸುಮಾರು 9 ನ್ಯಾನೋಮೀಟರ್.

ಈ ಒಂದೇ ದಾರಿಯನ್ನು ನಾನು ನೆಚ್ಚುವುದಿಲ್ಲ. ವೇದಿಕೆಯನ್ನು ಸೆಕೆಂಡಿಗೆ 100 ಮೈಕ್ರೋಮೀಟರ್ ವೇಗದಲ್ಲಿ ಎಳೆದರೆ ನೀರಿನ ಸೆಳೆತ ಸುಮಾರು 0.84 ಪಿಕೋನ್ಯೂಟನ್ ಆಗುತ್ತದೆ. ಅದೇ ಸ್ಥಿರಾಂಕಕ್ಕೆ ಮಣಿ ಸುಮಾರು 17 ನ್ಯಾನೋಮೀಟರ್ ಹಿಂದೆ ಸರಿಯಬೇಕು. ಎರಡು ಲೆಕ್ಕಗಳೂ ತಾಳೆಯಾಗದಿದ್ದರೆ ಮೊದಲು ನೋಡಬೇಕಾದದ್ದು ಗಾಜಿನ ಸಾಮೀಪ್ಯವನ್ನು: ಮಣಿಯ ಕೇಂದ್ರ ಗಾಜಿನಿಂದ 5 ಮೈಕ್ರೋಮೀಟರ್ ದೂರದಲ್ಲಿದ್ದರೂ ನೀರಿನ ಸೆಳೆತ ಸುಮಾರು ಶೇ 6ರಷ್ಟು ಹೆಚ್ಚಿರುತ್ತದೆ. ಆನಂತರ ತಾಪವನ್ನು ಗಮನಿಸಬೇಕು, ಏಕೆಂದರೆ ನಾಭಿಯಲ್ಲಿ 100 ಮಿಲಿವಾಟ್ ಬೆಳಕಿದ್ದರೆ ನೀರು ಹೆಚ್ಚುಕಡಿಮೆ ಒಂದು ಡಿಗ್ರಿ ಬಿಸಿಯಾಗುತ್ತದೆ ಮತ್ತು ಆ ಒಂದು ಡಿಗ್ರಿಗೆ ಅದರ ಸ್ನಿಗ್ಧತೆ (ಹರಿವಿಗೆ ಒಡ್ಡುವ ತಡೆ) ಸುಮಾರು ಶೇ 2ರಷ್ಟು ಇಳಿಯುತ್ತದೆ.