ಹೈಡ್ರಾ ಬಂದರಿನಲ್ಲಿ ಸಿಕ್ಕಿಕೊಂಡ ಲಂಗರು ಬಿಡಿಸಿದ್ದು ಹೀಗೆ

ಗ್ರೀಸಿನ ಹೈಡ್ರಾ ದ್ವೀಪದ ಬಂದರು ತುಂಬಾ ಚಿಕ್ಕದು. ಬೇಸಿಗೆಯಲ್ಲಿ ವಿಹಾರ ನೌಕೆಗಳಾದ ಯಾಟ್‌ಗಳ ದಟ್ಟಣೆ ಜಾಸ್ತಿ. ಎಲ್ಲರೂ ಮುಂದೆ ಲಂಗರು ಇಳಿಸಿ, ಹಿಂಭಾಗವನ್ನು ಕಟ್ಟೆಗೆ ಕಟ್ಟುತ್ತಾರೆ. ಹಾಗಾಗಿ ಆಮೇಲೆ ಬಂದವರ ಸರಪಳಿ ಮೊದಲಿನವರದ್ದರ ಮೇಲೆ ಬೀಳುವುದು ಅಲ್ಲಿ ಮಾಮೂಲಿ.

ಬೆಳಿಗ್ಗೆ ಹೊರಟಾಗ ನಮಗೂ ಹಾಗೇ ಆಯ್ತು. ಲಂಗರು ಎತ್ತುವ ಮೋಟಾರು ಏದುಸಿರು ಬಿಡತೊಡಗಿತು. ಇಂಥ ಹೊತ್ತಲ್ಲಿ ಸುಮ್ನೆ ಎಳೀತಾ ಹೋದರೆ ಮೋಟಾರು ಸುಟ್ಟುಹೋಗಬಹುದು. ಮೊದಲು ಪಕ್ಕದ ಯಾಟಿನವರಿಗೆ ಕೂಗಿ ಹೇಳಿದೆವು, ಅವರ ಲಂಗರೂ ಜಾರಬಹುದು ಅಲ್ವಾ?

ತಡೆತಡೆದು ಎತ್ತಿದಾಗ ನಮ್ಮ ಲಂಗರಿನ ಕೊಕ್ಕೆಗೆ ಜೋತುಬಿದ್ದ ಅವರ ಸರಪಳಿ ಕಂಡಿತು. ಕೆಸರು ಮೆತ್ತಿಕೊಂಡು, ತಂತಿಯಂತೆ ಬಿಗಿದಿತ್ತು. ಅದರ ಅಡಿಯಿಂದ ಗಟ್ಟಿ ಹಗ್ಗವೊಂದನ್ನು ಕೊಕ್ಕೆಕೋಲಿನಿಂದ ತೂರಿಸಿ, ಎರಡೂ ತುದಿಗಳನ್ನು ಮುಂಭಾಗದ ಕ್ಲೀಟಿಗೆ (ಹಗ್ಗ ಕಟ್ಟುವ ಗೂಟಕ್ಕೆ) ಬಿಗಿದೆವು. ನಂತರ ನಮ್ಮ ಲಂಗರನ್ನು ಸ್ವಲ್ಪ ಕೆಳಗೆ ಬಿಟ್ಟೆವು. ಸರಪಳಿಯ ಭಾರ ಹಗ್ಗಕ್ಕೆ ಬಿತ್ತು, ಲಂಗರು ಕಳಚಿಕೊಂಡಿತು! ಯಾಟನ್ನು ತುಸು ಹಿಂದೆ ಸರಿಸಿ ಲಂಗರು ಮೇಲೆತ್ತಿದೆವು.

ಕೊನೆಗೆ ಹಗ್ಗದ ಒಂದು ತುದಿ ಬಿಟ್ಟರೆ ಸಾಕು, ಸರಪಳಿ ದಬಕ್ಕನೆ ನೀರಿಗೆ ಬೀಳುತ್ತದೆ. ಆಗ ಬೆರಳುಗಳನ್ನು ಮಾತ್ರ ದೂರ ಇಟ್ಟುಕೊಳ್ಳಿ.